ಡ್ಯಾಮಿನ ಪುಟಕ್ಕೆ ಎರಡು ಸಾವಿರ ಜೆರಾಕ್ಸ್: ರಿವಿಷನ್‌ಗೆ ಎಷ್ಟು ಮಿತಿ, ಹೇಗೆ ಮಿತಿ?

ಪ್ರಶ್ನೆ: ಸರ್, ನಮಸ್ಕಾರ. ಗಂಗಾವತಿಯಿಂದ ವರ್ಡ್‌ಪ್ರೆಸ್‌ನಲ್ಲಿ ಒಂದು ಸಣ್ಣ ಸುದ್ದಿ ಸೈಟ್ ನಡೆಸುತ್ತೇನೆ. ಭತ್ತದ ದರ, ಕಾಲುವೆ ನೀರು, ಊರ ಸುದ್ದಿ ಎಲ್ಲ ಸೇರಿ 1,800 ಬರಹಗಳಿವೆ. ತುಂಗಭದ್ರಾ ಜಲಾಶಯದ ಮಟ್ಟಕ್ಕೆ ಒಂದು ಪ್ರತ್ಯೇಕ ಪುಟ ಮಾಡಿದ್ದೇವೆ. ಮೂರು ವರ್ಷದಿಂದ ಬೆಳಿಗ್ಗೆ ಅದಕ್ಕೊಂದು ಸಾಲು ಸೇರಿಸುತ್ತೇವೆ, ಸಂಜೆ ಅದೇ ಸಾಲು ತಿದ್ದುತ್ತೇವೆ. ಈಗ ಆ ಪುಟದಲ್ಲಿ ಅಪ್‌ಡೇಟ್ ಒತ್ತಿದರೆ ಸುತ್ತುತ್ತಲೇ ಇರುತ್ತದೆ. ಬೇರೆ ಪುಟಗಳು ಸರಿ ಇವೆ. ಇದರ ಮೇಲೆ, ಡೇಟಾಬೇಸ್ 1 ಜಿಬಿ ಮಿತಿಯ ಹತ್ತಿರ ಬಂದಿದೆ ಅಂತ ಹೋಸ್ಟಿಂಗ್‌ನವರ ಮೇಲ್ ಬಂತು. ರಿವಿಷನ್, ಅಂದರೆ ವರ್ಡ್‌ಪ್ರೆಸ್ ಇಟ್ಟುಕೊಳ್ಳುವ ಬರಹದ ಹಳೆ ಪ್ರತಿಗಳು, ಡ್ಯಾಮಿನ ಹೂಳಿದ್ದ ಹಾಗೆ, ಪೂರ್ತಿ ಬಂದ್ ಮಾಡಿ ಅಂತ ಗೆಳೆಯರೊಬ್ಬರು ಹೇಳಿದರು. ಕೋಡ್ ಇರುವ ಫೈಲ್ ಮುಟ್ಟಲು ನನಗೆ ಭಯ. ಪ್ಲಗಿನ್‌ನಿಂದ ಆಗುತ್ತಾ?

ಉತ್ತರ: ಆಗುತ್ತದೆ, ಪ್ಲಗಿನ್‌ನಿಂದಲೇ, ಅಂದರೆ ವರ್ಡ್‌ಪ್ರೆಸ್‌ಗೆ ಸೇರಿಸುವ ಸಣ್ಣ ತಂತ್ರಾಂಶದಿಂದಲೇ ಆಗುತ್ತದೆ. ಆದರೆ ಪೂರ್ತಿ ಬಂದ್ ಮಾತ್ರ ಮಾಡಬೇಡಿ. ನಿಮ್ಮ ಗೆಳೆಯರ ಹೋಲಿಕೆ ಕೇಳೋಕೆ ಚೆನ್ನಾಗಿದೆ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳಿನಿಂದ 105.78ಕ್ಕೆ ಬಂದಿದ್ದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹೂಳನ್ನು ವಾಪಸ್ ಕೊಡಿ ಅಂತ ಯಾವ ರೈತನೂ ಕೇಳುವುದಿಲ್ಲ. ರಿವಿಷನ್ ಹಾಗಲ್ಲ. ಅದನ್ನು ಕೇಳಿಕೊಂಡು ಒಂದಲ್ಲ ಒಂದು ದಿನ ಯಾರಾದರೂ ಬಂದೇ ಬರುತ್ತಾರೆ, ಹೆಚ್ಚಿನ ಸಲ ಅಳಿಸಿದ ಮರುದಿನವೇ.

ನಿಮಗಿರುವುದು ಎರಡು ತೊಂದರೆ. ಪುಟ ಸುತ್ತುವುದು ಒಂದು, ಡೇಟಾಬೇಸ್ ತುಂಬಿದ್ದು ಇನ್ನೊಂದು. ಮೊದಲನೆಯದಕ್ಕೆ ಕಾರಣ ಬಹುಪಾಲು ರಿವಿಷನ್ನೇ. ಎರಡನೆಯದಕ್ಕೆ ಅದು ಅರ್ಧ ಕಾರಣ ಅಷ್ಟೇ. ಲೆಕ್ಕ ಹಾಕಿ ತೋರಿಸುತ್ತೇನೆ.

ವರ್ಡ್‌ಪ್ರೆಸ್‌ಗೆ ರಿವಿಷನ್ ಸೌಲಭ್ಯ ಬಂದಿದ್ದು 2008ರ ಜುಲೈನಲ್ಲಿ, 2.6ನೇ ಆವೃತ್ತಿಯಲ್ಲಿ. ಅವತ್ತಿನಿಂದ ಇವತ್ತಿನವರೆಗೂ ನಾವೇ ಹೇಳದಿದ್ದರೆ ಅದಕ್ಕೆ ಮಿತಿಯೇ ಇಲ್ಲ. ತುಂಬ ಜನ ತಪ್ಪು ತಿಳಿದುಕೊಳ್ಳುವ ಒಂದು ಸಂಗತಿ ಇದೆ. ನೀವು ಒಂದು ಸಾಲು ತಿದ್ದಿದರೆ ವರ್ಡ್‌ಪ್ರೆಸ್ ಆ ಒಂದು ಸಾಲನ್ನಷ್ಟೇ ಬರೆದಿಟ್ಟುಕೊಳ್ಳುವುದಿಲ್ಲ. ಇಡೀ ಪುಟದ ಜೆರಾಕ್ಸ್ ತೆಗೆದು ಇಡುತ್ತದೆ. ಅದೂ ಬೇರೆ ಕಪಾಟಿನಲ್ಲಲ್ಲ, ಡೇಟಾಬೇಸ್‌ನಲ್ಲಿ ನಿಮ್ಮ ಬರಹಗಳಿರುವ ಟೇಬಲ್‌ನಲ್ಲೇ, ಅವುಗಳ ಪಕ್ಕದಲ್ಲೇ. ನಿಮ್ಮ ಪೋಸ್ಟ್‌ಗಳ ನಂಬರ್ 4210 ಆದಮೇಲೆ ದಿಢೀರ್ ಅಂತ 4236ಕ್ಕೆ ಹಾರುತ್ತದಲ್ವಾ? ನಡುವಿನ ನಂಬರ್‌ಗಳಲ್ಲಿ ಬಹಳಷ್ಟನ್ನು ನುಂಗಿದ್ದು ಈ ಜೆರಾಕ್ಸ್‌ಗಳೇ.

ಈಗ ನಿಮ್ಮ ಡ್ಯಾಮ್ ಪುಟಕ್ಕೆ ಬರೋಣ. ಒಂದು ಸಾಲಿನಲ್ಲಿ ಐದು ಕಲಂ ಅಂತ ಇಟ್ಟುಕೊಳ್ಳಿ: ದಿನಾಂಕ, ಮಟ್ಟ, ಒಳಹರಿವು, ಹೊರಹರಿವು, ಸಂಗ್ರಹ. ಎಲ್ಲ ಬರೀ ಅಂಕಿ. ಪುಟದ ಕೋಷ್ಟಕದ ಗುರುತುಗಳೂ ಸೇರಿ ಸಾಲಿಗೆ ಸುಮಾರು 100 ಬೈಟ್. ಮೂರು ವರ್ಷಕ್ಕೆ 1,095 ಸಾಲು. ಅಂದರೆ ಇವತ್ತು ಆ ಪುಟ 110 ಕೆಬಿ ಇರಬಹುದು, ಏನೂ ಅಲ್ಲ. ಆದರೆ ದಿನಕ್ಕೆರಡು ಸಲ ಸೇವ್ ಅಂದರೆ 2,190 ಜೆರಾಕ್ಸ್ ಆಯಿತು. ಮೊದಮೊದಲಿನವು ಚಿಕ್ಕವು, ಈಚಿನವು ದೊಡ್ಡವು. ಸರಾಸರಿ 55 ಕೆಬಿ ಹಿಡಿದರೂ 120 ಎಂಬಿ. ಓದುಗರಿಗೆ ಕಾಣುವ ಪುಟ 110 ಕೆಬಿ, ಅದರ ಹಿಂದೆ ಕೂತಿರುವುದು ಅದರ ಸಾವಿರ ಪಟ್ಟು!

ಅಪ್‌ಡೇಟ್ ಒತ್ತಿದಾಗ ಸುತ್ತುವುದೂ ಇದೇ ಕಾರಣಕ್ಕೆ. ಹೊಸ ಜೆರಾಕ್ಸ್ ತೆಗೆಯುವ ಮೊದಲು, ಹಿಂದಿನದಕ್ಕಿಂತ ಏನಾದರೂ ಬದಲಾಗಿದೆಯಾ ಅಂತ ವರ್ಡ್‌ಪ್ರೆಸ್ ನೋಡುತ್ತದೆ. ಹಾಗೆ ನೋಡಲು ಆ ಪುಟದ ಹಳೆ ಪ್ರತಿಗಳ ಕಟ್ಟನ್ನೇ ಮೆಮೊರಿಗೆ ಎತ್ತಿಕೊಳ್ಳುತ್ತದೆ. ಹತ್ತು ಪ್ರತಿ ಇದ್ದರೆ ಗೊತ್ತೂ ಆಗುವುದಿಲ್ಲ. ಎರಡು ಸಾವಿರ ಇದ್ದರೆ, ಅಗ್ಗದ ಹೋಸ್ಟಿಂಗ್‌ನಲ್ಲಿ ಸಿಗುವ ಮೆಮೊರಿಗೆ ಏದುಸಿರು ಬರುತ್ತದೆ. ಬೇರೆ ಪುಟಗಳು ಸಲೀಸಾಗಿ ಸೇವ್ ಆಗುತ್ತವೆ ಅಂತ ನೀವು ಬರೆದಿರಲ್ಲ, ಆ ಒಂದು ವಾಕ್ಯದಿಂದಲೇ ನನಗೆ ಅನುಮಾನ ಬಂತು.

ಸುದ್ದಿಗಳ ಕಡೆಯೂ ಲೆಕ್ಕ ನೋಡಿ. ಇಲ್ಲಿ ಕನ್ನಡದ್ದೇ ಒಂದು ಖರ್ಚಿದೆ. ಕೊಪ್ಪಳ ಅಂತ ಇಂಗ್ಲಿಷಿನಲ್ಲಿ ಬರೆದರೆ ಆರು ಅಕ್ಷರ, ಆರು ಬೈಟ್. ಕನ್ನಡದಲ್ಲಿ ಕಣ್ಣಿಗೆ ಮೂರೇ ಅಕ್ಷರ. ಆದರೆ ಕಂಪ್ಯೂಟರ್ ಅದನ್ನು ಕ, ಒತ್ವ, ಪ, ಒತ್ತು ಕೂಡಿಸುವ ಗುರುತು, ಇನ್ನೊಂದು ಪ, ಳ ಅಂತ ಬಿಡಿಸಿ ಇಡುತ್ತದೆ. ಆರು ತುಂಡು, ತುಂಡಿಗೆ ಮೂರು ಬೈಟ್, ಒಟ್ಟು 18. ಹೀಗಾಗಿ 600 ಪದದ ಒಂದು ಕನ್ನಡ ಸುದ್ದಿ ಸುಮಾರು 13 ಕೆಬಿ ಆಗುತ್ತದೆ. ಸುದ್ದಿಗೆ ಹನ್ನೆರಡು ರಿವಿಷನ್ ಅಂತ ಹಿಡಿದರೆ, 1,800 ಸುದ್ದಿಗೆ 21,600 ಪ್ರತಿ, ಹತ್ತಿರ ಹತ್ತಿರ 280 ಎಂಬಿ.

ಹನ್ನೆರಡು ಜಾಸ್ತಿ ಆಯಿತು ಅನಿಸಿದರೆ ನಿಮ್ಮ ಕಚೇರಿಯಲ್ಲಿ ಟೈಪ್ ಮಾಡುವವರ ಹಿಂದೆ ಸುಮ್ನೆ ಹತ್ತು ನಿಮಿಷ ನಿಂತು ನೋಡಿ. ನಮ್ಮ ಊರುಗಳಲ್ಲಿ ಕರೆಂಟ್ ಕೈಕೊಟ್ಟು ಕೈಕೊಟ್ಟು, ಸಾಲಿಗೊಮ್ಮೆ ಸೇವ್ ಒತ್ತುವುದು ಬೆರಳಿಗೇ ಅಭ್ಯಾಸ ಆಗಿಬಿಟ್ಟಿದೆ. ಏನಾದರೂ ಬದಲಾಗಿದ್ದರೆ ಒತ್ತಿದ ಪ್ರತಿ ಸಲವೂ ಒಂದು ಜೆರಾಕ್ಸ್. ಪಾಪ, ಅವರ ತಪ್ಪಲ್ಲ. ಆದರೆ ಅಷ್ಟು ಒತ್ತುವ ಅಗತ್ಯವೂ ಇಲ್ಲ. ವರ್ಡ್‌ಪ್ರೆಸ್ ತಾನಾಗಿಯೇ 60 ಸೆಕೆಂಡಿಗೊಮ್ಮೆ ಆಟೋಸೇವ್ ಮಾಡುತ್ತಿರುತ್ತದೆ. ಈ ಆಟೋಸೇವ್‌ನಿಂದಲೇ ಸಾವಿರಾರು ಪ್ರತಿ ಹುಟ್ಟುತ್ತವೆ ಅಂತ ಬಹಳ ಜನ ನಂಬಿದ್ದಾರೆ. ಸುಳ್ಳು. ಒಬ್ಬ ಬರಹಗಾರನಿಗೆ ಒಂದು ಬರಹಕ್ಕೆ ಒಂದೇ ಆಟೋಸೇವ್ ಪ್ರತಿ. ಹೊಸದು ಬಂದರೆ ಹಳೆಯದರ ಮೇಲೇ ಬರೆಯುತ್ತದೆ. ಹಾಕುವ ಮಿತಿಯೊಳಗೂ ಅದು ಬರುವುದಿಲ್ಲ, ರಿವಿಷನ್ ಪೂರ್ತಿ ಬಂದ್ ಮಾಡಿದರೂ ಅದು ಇರುತ್ತದೆ.

ಇನ್ನೊಂದು ತಪ್ಪು ನಂಬಿಕೆ, ರಿವಿಷನ್ ಅಳಿಸಿದರೆ ಸೈಟ್ ಓಡಲು ಶುರು ಮಾಡುತ್ತದೆ ಅನ್ನುವುದು. ಓದುಗರು ಪುಟ ತೆರೆದಾಗ ವರ್ಡ್‌ಪ್ರೆಸ್ ರಿವಿಷನ್‌ಗಳ ಕಡೆ ತಿರುಗಿಯೂ ನೋಡುವುದಿಲ್ಲ. ಓದುಗರಿಗೆ ಸೈಟ್ ನಿಧಾನ ಅನಿಸಿದರೆ ಅದು ಬೇರೆ ರೋಗ, ಸಾಮಾನ್ಯವಾಗಿ ಮೊಬೈಲ್‌ನಿಂದ ನೇರ ಏರಿಸಿದ ಫೋಟೋಗಳದ್ದು. ಫೋಟೋಗಳಿಗೂ ರಿವಿಷನ್‌ಗೂ ಸಂಬಂಧ ಇಲ್ಲ. ಜೆರಾಕ್ಸ್ ಆಗುವುದು ಬರಹ ಮಾತ್ರ, ಫೋಟೋ ಫೋಲ್ಡರ್‌ನಲ್ಲಿ ತನ್ನ ಪಾಡಿಗೆ ಇರುತ್ತದೆ.

ಹಾಗಾದರೆ ಎಷ್ಟು ಇಟ್ಟುಕೊಳ್ಳಬೇಕು? ಇದಕ್ಕೆ ಎಲ್ಲರೂ ಮೂರು, ಐದು ಅಂತ ಒಂದು ಅಂಕಿ ಹೇಳಿ ಕೈ ತೊಳೆದುಕೊಳ್ಳುತ್ತಾರೆ. ನಾನು ಕೇಳುವ ಪ್ರಶ್ನೆ ಬೇರೆ. ನಿಮ್ಮಲ್ಲಿ ಒಂದು ತಪ್ಪು ಆದರೆ, ಅದು ಯಾರದಾದರೂ ಕಣ್ಣಿಗೆ ಬೀಳುವಷ್ಟರಲ್ಲಿ ಆ ಪುಟ ಎಷ್ಟು ಸಲ ಸೇವ್ ಆಗಿರುತ್ತದೆ? ಮಿತಿ ಆ ಅಂಕಿಗಿಂತ ಸ್ವಲ್ಪ ಜಾಸ್ತಿ ಇರಬೇಕು, ಅಷ್ಟೇ. ಡ್ಯಾಮ್ ಪುಟದಲ್ಲಿ ಯಾರೋ ಕೈತಪ್ಪಿ ಹಿಂದಿನ ತಿಂಗಳ ಸಾಲುಗಳನ್ನು ಅಳಿಸಿದರು ಅನ್ನಿ. ಎಲ್ಲರೂ ನೋಡುವುದು ಇವತ್ತಿನ ಸಾಲು. ತಪ್ಪು ಸಿಗೋಕೆ ಒಂದು ವಾರ ಬೇಕು. ವಾರಕ್ಕೆ 14 ಸೇವ್. ಅಲ್ಲಿ ಐದು ಇಟ್ಟರೆ ಒಳ್ಳೆಯ ಪ್ರತಿ ಮೂರನೇ ದಿನಕ್ಕೇ ಕೈಬಿಟ್ಟು ಹೋಗಿರುತ್ತದೆ. ಆ ಪುಟಕ್ಕೆ 20 ಬೇಕು. ಸುದ್ದಿಗಳಿಗೆ ಎಂಟು ಸಾಕು. ಸುದ್ದಿಯ ತಪ್ಪು ಅವತ್ತೇ ಫೋನ್ ಮಾಡಿ ಹೇಳುವವರಿರುತ್ತಾರೆ, ಅಲ್ವಾ? 'ನಮ್ಮ ಬಗ್ಗೆ', 'ಸಂಪರ್ಕ' ತರಹದ ಪುಟಗಳನ್ನು ವರ್ಷಕ್ಕೊಮ್ಮೆ ಮುಟ್ಟುತ್ತೇವೆ. ಅವಕ್ಕೆ ಮಿತಿಯೇ ಬೇಡ ಅಂದರೂ ನಡೆಯುತ್ತದೆ.

ಒಂದು ಅಂತ ಮಾತ್ರ ಹಾಕಬೇಡಿ. ಸೊನ್ನೆ ಹಾಕಿದರೆ ಒಂದು ಪ್ರತಿಯನ್ನೂ ಇಡುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಒಂದರ ಗುಟ್ಟು ಬಹಳ ಜನಕ್ಕೆ ಗೊತ್ತಿಲ್ಲ. 2013ರಲ್ಲಿ ಬಂದ 3.6ನೇ ಆವೃತ್ತಿಯಿಂದ ಈಚೆಗೆ, ತೀರಾ ಹೊಸ ರಿವಿಷನ್ ಅಂದರೆ ಈಗ ಸೈಟ್‌ನಲ್ಲಿ ಕಾಣುತ್ತಿರುವ ಬರಹದ್ದೇ ನಕಲು. ಒಂದೇ ಇಟ್ಟುಕೊಂಡರೆ ನಿಮ್ಮ ಕೈಯಲ್ಲಿರುವುದು ಇವತ್ತಿನ ಬರಹದ ಜೆರಾಕ್ಸ್, ನಿನ್ನೆಯದಲ್ಲ. ಎಡಿಟರ್‌ನ ಪಕ್ಕದಲ್ಲಿ ರಿವಿಷನ್ಸ್ ಅನ್ನುವ ಕೊಂಡಿಯೂ ಆಗ ಕಾಣಿಸುವುದಿಲ್ಲ. ಐದು ಇಟ್ಟರೆ ಹಿಂದಿನವು ನಾಲ್ಕು. ಈ ಒಂದನ್ನು ಕಳೆದೇ ಲೆಕ್ಕ ಹಾಕಿ.

ನಾನು ಇದನ್ನು ಕಲಿತಿದ್ದು ಮುಖಕ್ಕೆ ಮಂಗಳಾರತಿ ಆದಮೇಲೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಒಬ್ಬರ ಸೈಟ್ ನೋಡಿಕೊಳ್ಳುತ್ತಿದ್ದೆ. ಒಂದು ಸಂಜೆ ಬಿಡುವಿತ್ತು. ರಿವಿಷನ್ ಎಲ್ಲ ಗುಡಿಸಿ ಹಾಕಿದೆ, ಮಿತಿ ಸೊನ್ನೆ ಮಾಡಿದೆ, ಡೇಟಾಬೇಸ್ ಅರ್ಧಕ್ಕರ್ಧ ಇಳಿಯಿತು ಅಂತ ಹೆಮ್ಮೆಯಿಂದ ಮೆಸೇಜ್ ಕಳಿಸಿದೆ. ಅದಕ್ಕೆ ಎರಡು ದಿನ ಮೊದಲು ಮಾಲೀಕರ ಮಗ ಹೋಲ್‌ಸೇಲ್ ದರಪಟ್ಟಿಯ ಮೇಲೆ ಹೊಸ ಸೀಸನ್ ದರ ಬರೆದಿದ್ದ. ಹಳೆ ದರಕ್ಕೆ ಮಾತಾಡಿಕೊಂಡಿದ್ದ ವ್ಯಾಪಾರಿಯೊಬ್ಬರು ಮರುದಿನ ಬಂದು, ಹಳೆ ಪಟ್ಟಿ ತೋರಿಸಿ ಅಂದರು. ಎಲ್ಲಿಂದ ತರಲಿ? ಹೋಸ್ಟಿಂಗ್ ಬ್ಯಾಕಪ್ ವಾರಕ್ಕೊಮ್ಮೆ, ಅದರಲ್ಲಿ ಅದಕ್ಕೂ ಹಿಂದಿನ ಪಟ್ಟಿ. ಕೊನೆಗೆ ಯಾರದೋ ವಾಟ್ಸ್‌ಆ್ಯಪ್‌ನಲ್ಲಿದ್ದ ಸ್ಕ್ರೀನ್‌ಶಾಟ್ ನೋಡಿ ಮೂವತ್ತು ಸಾಲು ಕೈಯಾರೆ ಟೈಪ್ ಮಾಡಿದೆ. ಮಾಲೀಕರು ಬೈಯಲಿಲ್ಲ. ಚಹಾ ತರಿಸಿ, ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು.

ಈಗ ಕೆಲಸಕ್ಕೆ ಇಳಿಯೋಣ. ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಮುಖ್ಯ. ಸಾಮಾನ್ಯವಾಗಿ ಎಲ್ಲರೂ ಮೊದಲು ಮಿತಿ ಹಾಕುತ್ತಾರೆ. ನೀವು ಹಾಗೆ ಮಾಡಬೇಡಿ. ಯಾಕೆಂದರೆ ಮಿತಿ ಹಾಕಿದ ತಕ್ಷಣ ಹಳೆಯದೇನೂ ಹೋಗುವುದಿಲ್ಲ. ಒಂದು ಬರಹವನ್ನು ಮುಂದಿನ ಸಲ ಸೇವ್ ಮಾಡಿದಾಗ ಮಾತ್ರ ಆ ಬರಹದ ಹೆಚ್ಚುವರಿ ಪ್ರತಿಗಳು ಅಳಿಯುತ್ತವೆ. ನಿಮ್ಮ ಹಳೆ ಸುದ್ದಿಗಳನ್ನು ಮತ್ತೆ ಯಾರೂ ಸೇವ್ ಮಾಡುವುದಿಲ್ಲ, ಹಾಗಾಗಿ ಅವುಗಳ ಪ್ರತಿಗಳು ಅಲ್ಲೇ ಇರುತ್ತವೆ. ಡ್ಯಾಮ್ ಪುಟದಲ್ಲಿ ಇದರ ಉಲ್ಟಾ. ಮಿತಿ ಹಾಕಿದ ಮೇಲೆ ಬರುವ ಮೊದಲ ಸೇವ್‌ನಲ್ಲೇ ಎರಡು ಸಾವಿರ ಪ್ರತಿಗಳನ್ನು ಒಂದೊಂದಾಗಿ ಅಳಿಸಲು ಹೊರಡುತ್ತದೆ. ಸರ್ವರ್ ಮಧ್ಯದಲ್ಲೇ ಕೈಚೆಲ್ಲಿದರೆ ಬಿಳಿ ಪರದೆ ಬರಬಹುದು. ನಿಮ್ಮ ಹೊಸ ಸಾಲು ಅಷ್ಟರಲ್ಲಿ ಸೇವ್ ಆಗಿಯೇ ಇರುತ್ತದೆ, ಆದರೆ ನೋಡುವವರಿಗೆ ಎದೆ ಧಸಕ್ ಅನ್ನುತ್ತದೆ.

ಆದ್ದರಿಂದ ಮೊದಲು ಬ್ಯಾಕಪ್. ಪೂರ್ತಿ ಡೇಟಾಬೇಸ್ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿಡಿ. ಇದನ್ನು ಸುಮ್ನೆ ಶಾಸ್ತ್ರಕ್ಕೆ ಹೇಳುತ್ತಿಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋದಾಗ ನಿಮ್ಮ ಸೈಟ್‌ನಲ್ಲಿ ಗಂಟೆಗಂಟೆಗೂ ಅಂಕಿ ಬದಲಾಗಿರಬೇಕು. ಯಾವ ಹೊತ್ತಿಗೆ ಎಷ್ಟು ಕ್ಯುಸೆಕ್ ಅಂತ ಬರೆದಿರಿ, ಯಾರು ತಿದ್ದಿದರು ಅನ್ನುವುದು ಆ ದಿನಗಳ ರಿವಿಷನ್‌ಗಳಲ್ಲಿ ಗಂಟೆ ನಿಮಿಷದ ಸಮೇತ ಇದೆ. ಸುದ್ದಿ ಸೈಟ್‌ಗೆ ಅದು ದಾಖಲೆ. ನಾಳೆ ಯಾರಾದರೂ ನೀವು ಸುಳ್ಳು ಅಂಕಿ ಹಾಕಿದ್ದಿರಿ ಅಂದರೆ ತೋರಿಸಲು ನಿಮ್ಮ ಹತ್ತಿರ ಇರುವುದು ಅದೊಂದೇ. ಸೈಟ್‌ನಿಂದ ತೆಗೆಯಿರಿ, ಮನೆಯಲ್ಲಿ ಇಟ್ಟುಕೊಳ್ಳಿ.

ಆಮೇಲೆ ಗುಡಿಸುವ ಕೆಲಸ. ಡಬ್ಲ್ಯೂಪಿ-ಆಪ್ಟಿಮೈಜ್ ಅನ್ನುವ ಉಚಿತ ಪ್ಲಗಿನ್ ಹಾಕಿಕೊಳ್ಳಿ. ಅದರ ಡೇಟಾಬೇಸ್ ಪುಟ ತೆರೆದರೆ ಎಷ್ಟು ರಿವಿಷನ್ ಇವೆ ಅಂತ ಅಂಕಿ ಸಮೇತ ತೋರಿಸುತ್ತದೆ. ನನ್ನ ಅಂದಾಜು ಸರಿಯೋ ತಪ್ಪೋ ಅಲ್ಲೇ ಗೊತ್ತಾಗುತ್ತದೆ. ಒತ್ತುವ ಮೊದಲು ಅದರ ಸೆಟ್ಟಿಂಗ್ಸ್‌ಗೆ ಹೋಗಿ. ಇತ್ತೀಚಿನ ಇಷ್ಟು ವಾರದ್ದನ್ನು ಉಳಿಸಿಕೋ ಅಂತ ಹೇಳುವ ಜಾಗ ಇದೆ. ಎರಡು ವಾರ ಅಂತ ಹಾಕಿ. ಹಾಗಾದರೆ ಡ್ಯಾಮ್ ಪುಟದ ಕೊನೆಯ 28 ಪ್ರತಿ ಉಳಿಯುತ್ತವೆ. ನಂತರ ಪೋಸ್ಟ್ ರಿವಿಷನ್ ಮುಂದಿನ ಬಟನ್ ಒಂದನ್ನು ಮಾತ್ರ ಒತ್ತಿ, ಪಟ್ಟಿಯಲ್ಲಿರುವ ಎಲ್ಲದಕ್ಕೂ ಟಿಕ್ ಹಾಕಬೇಡಿ. ಡೇಟಾಬೇಸ್‌ನಲ್ಲಿ ನೇರ ಅಳಿಸುವ ಒಂದು ಸಾಲಿನ ಕಮಾಂಡ್ ಎಲ್ಲ ಕಡೆ ಓಡಾಡುತ್ತಿರುತ್ತದೆ, ಅದು ಬೇಡ. ರಿವಿಷನ್ ಹೋಗುತ್ತದೆ, ಅದಕ್ಕೆ ಅಂಟಿಕೊಂಡ ಚೂರುಪಾರು ಬೇರೆ ಟೇಬಲ್‌ನಲ್ಲಿ ಅನಾಥವಾಗಿ ಉಳಿಯುತ್ತದೆ. ಎಲಿಮೆಂಟರ್ ತರಹದ ಪೇಜ್ ಬಿಲ್ಡರ್ (ಪುಟ ವಿನ್ಯಾಸ ಮಾಡುವ ಪ್ಲಗಿನ್) ಬಳಸುವವರಿಗಂತೂ ಅಸಲಿ ಭಾರ ಇರುವುದೇ ಆ ಚೂರುಪಾರಿನಲ್ಲಿ.

ಅಳಿಸಿದ ಕೂಡಲೇ ಹೋಸ್ಟಿಂಗ್ ಮೀಟರ್ ಇಳಿಯಲಿಲ್ಲ ಅಂತ ಗಾಬರಿ ಆಗಬೇಡಿ. ನೀರು ಖಾಲಿಯಾದರೂ ಡ್ಯಾಮಿನ ಗೋಡೆ ಇದ್ದಲ್ಲೇ ಇರುತ್ತದಲ್ಲ, ಟೇಬಲ್‌ನ ಫೈಲ್ ಕೂಡ ಹಾಗೆ. ಒಳಗೆ ಜಾಗ ಆಗಿರುತ್ತದೆ, ಹೊರಗಿನ ಗಾತ್ರ ಅಷ್ಟೇ ಇರುತ್ತದೆ. ಅದನ್ನು ಕುಗ್ಗಿಸಲು ಟೇಬಲ್ ಆಪ್ಟಿಮೈಜ್ ಮಾಡಬೇಕು, ಅದೂ ಇದೇ ಪ್ಲಗಿನ್‌ನಲ್ಲಿದೆ. ಆ ಹೊತ್ತಿನಲ್ಲಿ ಟೇಬಲ್ ಅನ್ನು ಹೊಸದಾಗಿ ಬರೆದು ಹಳೆಯದನ್ನು ತೆಗೆಯುತ್ತದೆ. ಅಂದರೆ ಸ್ವಲ್ಪ ಹೊತ್ತು ಎರಡಕ್ಕೂ ಜಾಗ ಬೇಕು. ಡಿಸ್ಕ್ ಕಂಠಮಟ್ಟ ತುಂಬಿದ್ದರೆ ಮೊದಲು ಹಳೆ ಬ್ಯಾಕಪ್ ಫೈಲ್‌ಗಳನ್ನು ಸರ್ವರ್‌ನಿಂದ ತೆಗೆಯಿರಿ. ಇದನ್ನು ರಾತ್ರಿ ಹನ್ನೊಂದರ ಮೇಲೆ ಮಾಡಿ. ಬೆಳಿಗ್ಗೆ ಡ್ಯಾಮ್ ಮಟ್ಟ ನೋಡಲು ಜನ ಬರುವ ಹೊತ್ತಿನಲ್ಲಿ ಬೇಡ.

ಈಗ ಮಿತಿ. ಇದಕ್ಕೆ ನಾನು ಹಾಕುವುದು ಡಬ್ಲ್ಯೂಪಿ ರಿವಿಷನ್ಸ್ ಕಂಟ್ರೋಲ್ ಅನ್ನುವ ಸಣ್ಣ ಪ್ಲಗಿನ್. ಹಾಕಿ ಚಾಲೂ ಮಾಡಿದರೆ ಸೆಟ್ಟಿಂಗ್ಸ್‌ನಲ್ಲಿ ರೈಟಿಂಗ್ ಪುಟದಲ್ಲಿ ಹೊಸ ಜಾಗ ಬರುತ್ತದೆ. ಪೋಸ್ಟ್, ಪೇಜ್ ಹೀಗೆ ಒಂದೊಂದು ಬಗೆಗೂ ಒಂದೊಂದು ಖಾಲಿ ಡಬ್ಬಿ. ಪೋಸ್ಟ್ ಎದುರು 8 ಬರೆಯಿರಿ. ಪೇಜ್ ಎದುರಿನದನ್ನು ಖಾಲಿ ಬಿಡಿ. ಖಾಲಿ ಅಂದರೆ ಎಲ್ಲವನ್ನೂ ಇಟ್ಟುಕೋ ಅಂತ ಅರ್ಥ. ನಂತರ ಡ್ಯಾಮ್ ಪುಟವನ್ನು ಎಡಿಟರ್‌ನಲ್ಲಿ ತೆರೆದರೆ, ಆ ಒಂದು ಪುಟಕ್ಕೇ ಬೇರೆ ಮಿತಿ ಹಾಕುವ ಸೌಲಭ್ಯ ಅಲ್ಲಿ ಸಿಗುತ್ತದೆ. ಅಲ್ಲಿ 20. ನಾನು ಈ ಪ್ಲಗಿನ್ ಆರಿಸಿದ್ದೇ ಇದಕ್ಕಾಗಿ. ನಿಮಗೆ ಭಯ ಇರುವ ಆ ಕಾನ್ಫಿಗ್ ಫೈಲ್‌ನಲ್ಲಿ ಒಂದು ಸಾಲು ಬರೆದೂ ಮಿತಿ ಹಾಕಬಹುದು, ಆದರೆ ಅಲ್ಲಿ ಇಡೀ ಸೈಟ್‌ಗೆ ಒಂದೇ ಅಂಕಿ. ಒಂದು ಉದ್ಧರಣ ಚಿಹ್ನೆ ತಪ್ಪಿದರೂ ಸೈಟ್ ಪೂರ್ತಿ ಮಲಗುತ್ತದೆ. ನಿಮ್ಮ ಭಯ ಸರಿಯಾಗಿಯೇ ಇದೆ. ಹೋಸ್ಟಿಂಗ್‌ನವರು ಆ ಸಾಲನ್ನು ಮೊದಲೇ ಹಾಕಿದ್ದರೂ ಚಿಂತೆ ಇಲ್ಲ, ಪ್ಲಗಿನ್‌ನಲ್ಲಿ ನೀವು ಬರೆದ ಅಂಕಿಯೇ ಕೊನೆಗೆ ನಡೆಯುತ್ತದೆ. ಗುಡಿಸುವ ಪ್ಲಗಿನ್ ಅನ್ನು ಕೆಲಸ ಮುಗಿದ ಮೇಲೆ ತೆಗೆದುಬಿಡಬಹುದು. ಮಿತಿಯದ್ದನ್ನು ತೆಗೆದರೆ ಮಿತಿಯೂ ಹೋಗುತ್ತದೆ, ಇರಲಿ.

ಡ್ಯಾಮ್ ಪುಟದ ಬಗ್ಗೆ ನನ್ನ ಸಲಹೆ ಇನ್ನೂ ಒಂದಿದೆ. ಮೂರು ವರ್ಷದ ಸಾಲುಗಳು ಒಂದೇ ಪುಟದಲ್ಲಿ ಯಾಕೆ? ಜಲಾಶಯದ ಲೆಕ್ಕವೇ ಜೂನ್‌ನಿಂದ ಮೇವರೆಗೆ ನಡೆಯುತ್ತದೆ. ವರ್ಷಕ್ಕೊಂದು ಪುಟ ಮಾಡಿ, ಹಳೆಯವಕ್ಕೆ ಕೊಂಡಿ ಕೊಡಿ. ಒಂದು ಪುಟ 37 ಕೆಬಿ ದಾಟುವುದಿಲ್ಲ, 20 ಪ್ರತಿ ಇಟ್ಟರೂ ಮುಕ್ಕಾಲು ಎಂಬಿ. ಹೊಸ ಪುಟ ಮಾಡುವಾಗ ವಿಳಾಸದ ಭಾಗವನ್ನು ಚಿಕ್ಕದಾಗಿ ಇಂಗ್ಲಿಷಿನಲ್ಲೇ ಕೊಡಿ. ಕನ್ನಡ ಶೀರ್ಷಿಕೆಯಿಂದ ತಾನೇ ವಿಳಾಸ ಮಾಡಲು ಬಿಟ್ಟರೆ ವರ್ಡ್‌ಪ್ರೆಸ್ ಒಂದೊಂದು ತುಂಡಿಗೆ ಒಂಬತ್ತು ಅಕ್ಷರದ ಸಂಕೇತ ಬರೆಯುತ್ತದೆ, ಇರುವ ಜಾಗ 200 ಅಕ್ಷರ. 22 ತುಂಡಿಗೇ ಮುಗಿಯಿತು. 'ತುಂಗಭದ್ರಾ ಜಲಾಶಯದ' ಅನ್ನುವಷ್ಟರಲ್ಲೇ ಮೂರರಲ್ಲಿ ಎರಡು ಪಾಲು ಜಾಗ ಹೋಗಿರುತ್ತದೆ. ಶೀರ್ಷಿಕೆ ಉದ್ದವಾದರೆ ಕೊನೆಯಲ್ಲಿರುವ ವರ್ಷ ಬರುವ ಮೊದಲೇ ಜಾಗ ಮುಗಿದು, ಮೂರು ವರ್ಷದ ಪುಟಗಳಿಗೂ ಹೆಚ್ಚುಕಡಿಮೆ ಒಂದೇ ವಿಳಾಸ ಆಗಿ ಕೊನೆಗೆ 2, 3 ಅಂತ ಬಾಲ ಬರುತ್ತದೆ.

ಇನ್ನು ಉಳಿದ ಲೆಕ್ಕ. ಡ್ಯಾಮ್ ಪುಟದ 120, ಸುದ್ದಿಗಳ 280, ಕೂಡಿದರೆ 400 ಎಂಬಿ. ಹೋಸ್ಟಿಂಗ್‌ನವರು ಹೇಳುತ್ತಿರುವುದು 1 ಜಿಬಿ. ಬರಹಗಳ ಅಸಲು ಪ್ರತಿಗೆ 25 ಎಂಬಿ ಬಿಟ್ಟರೂ ಐನೂರಕ್ಕಿಂತ ಹೆಚ್ಚು ಎಂಬಿ ಎಲ್ಲಿದೆ? ಹೋಸ್ಟಿಂಗ್‌ನ ಕಂಟ್ರೋಲ್ ಪ್ಯಾನಲ್‌ನಲ್ಲಿ ಡೇಟಾಬೇಸ್ ತೆರೆದು ನೋಡುವ ಪಿಎಚ್‌ಪಿ ಮೈಅಡ್ಮಿನ್ ಇರುತ್ತದೆ. ತೆರೆದು, ಟೇಬಲ್‌ಗಳನ್ನು ಗಾತ್ರದ ಪ್ರಕಾರ ಜೋಡಿಸಿ ನೋಡಿ. ನೋಡುವುದು ಮಾತ್ರ, ಏನನ್ನೂ ಒತ್ತಬೇಡಿ. ನನ್ನ ಅನುಭವದಲ್ಲಿ ಇಂಥ ಕಡೆ ಮೇಲೆ ಬಂದು ಕೂರುವುದು ಎಷ್ಟು ಜನ ನೋಡಿದರು ಅಂತ ಎಣಿಸುವ ಪ್ಲಗಿನ್‌ನ ಟೇಬಲ್, ಇಲ್ಲವೇ ಸೆಕ್ಯುರಿಟಿ ಪ್ಲಗಿನ್‌ನ ಲಾಗ್. ನಿಮ್ಮಲ್ಲೂ ಹಾಗೇ ಇದ್ದರೆ ಮೇಲಿನ ಮೂರು ಟೇಬಲ್‌ಗಳ ಹೆಸರು, ಗಾತ್ರ ಬರೆದು ಕಳಿಸಿ. ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಅಂತ ಹೇಳುತ್ತೇನೆ.